ಪಿಕ್ಚರ್ ಟ್ಯೂಬಿನಲ್ಲಿ ಉಳಿದ ಕರೆಂಟು

ಕಿಡಿ ಹಾರಬಾರದಿತ್ತು. ಚಟ್ಟೆಂದು ಹಾರಿತು.

ಟೀವಿ ರಿಪೇರಿಗೆ ಬಂದಿದ್ದ ಸುಲೋ ನಿಂತಲ್ಲೇ ನಿಂತ. ಬಲಗೈಯಲ್ಲಿ ಸ್ಕ್ರೂಡ್ರೈವರ್, ಎಡಗೈ ಪ್ಯಾಂಟಿನ ಜೇಬಿನಲ್ಲಿ. ನಲವತ್ತು ವರ್ಷಗಳ ಅಭ್ಯಾಸ. ಮೊದಲು ಪ್ಲಗ್ ಕೀಳಬೇಕು. ಸ್ಕ್ರೂಡ್ರೈವರಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಟೀವಿಯೊಳಗಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಬೇಕು. ಆಮೇಲೆ ಪಿಕ್ಚರ್ ಟ್ಯೂಬಿನ ಮೇಲಿರುವ ರಬ್ಬರ್ ಟೋಪಿಯಡಿ ಮೊನೆ ತೂರಿಸಿದರೆ ಒಳಗೆ ಉಳಿದ ಕರೆಂಟು ಇಳಿದುಹೋಗುತ್ತದೆ. ಎರಡೂ ಕೈ ಒಳಗಿಟ್ಟರೆ ಅದು ಎದೆಯ ಮೂಲಕ ಹಾಯುತ್ತದೆ. ಅವನಿಗೆ ಕೆಲಸ ಕಲಿಸಿದವನು ಹಾಗೇ ಸತ್ತಿದ್ದ.

ಆದರೆ ಈ ಟ್ಯೂಬಿನಲ್ಲಿ ಕರೆಂಟು ಎರಡು ದಿನ ಉಳಿದರೆ ಹೆಚ್ಚು. ಮನೆಯೊಡತಿ ಹಿಲ್ಕಾ ಫೋನಿನಲ್ಲಿ ಹೇಳಿದ್ದೇ ಬೇರೆ. "ನೀವು ಹೋದ ಸಂಜೇನೇ ಕೆಟ್ಟೋಯ್ತು ಮೇಸ್ತ್ರಿ. ಮೂರು ವಾರ ಆಯ್ತು." ಸುಲೋ ಮರುಮಾತಿಲ್ಲದೆ ನಂಬಿದ್ದ. ಇಂದು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದೂ ಬಿಟ್ಟಿದ್ದ.

ಅಂದರೆ ಟೀವಿ ಓಡಿದೆ. ಬೇರೆ ಮೇಸ್ತ್ರಿ ಬಂದುಹೋಗಿದ್ದಾನೆ.

ಕೆಮಿ ಊರಿನಲ್ಲಿ ಗಾಜಿನ ವಾಲ್ವುಗಳಿಂದ ಓಡುವ ಹಳೇ ಟೀವಿ ಉಳಿದಿದ್ದ ಮನೆ ಅವನಿಗೆ ಗೊತ್ತಿದ್ದಂತೆ ಇದೊಂದೇ. ಹೆಂಡತಿ ತೀರಿಕೊಂಡ ಮೇಲೆ ಇನ್ನೊಬ್ಬರ ಎದುರು ಕೂತು ಕಾಫಿ ಕುಡಿಯುತ್ತಿದ್ದದ್ದೂ ಇಲ್ಲೇ. ಈ ಮನೆ ತಪ್ಪಿದರೆ ಅವನಿಗೆ ಮಾತಾಡಲು ಯಾರೂ ಇರಲಿಲ್ಲ.

ಹಿಲ್ಕಾ ಒಲೆಯಿಂದ ಏಲಕ್ಕಿ ಬನ್ನು ತೆಗೆಯುತ್ತಿದ್ದಳು.

"ಇದನ್ನ ಯಾರು ಬಿಚ್ಚಿದ್ದು?" ಎಂದ ಸುಲೋ.

"ಇಲ್ಲಿಗೆ ಯಾರು ಬರ್ತಾರೆ? ಪೋಸ್ಟಿನವನೂ ಗೇಟಲ್ಲೇ ಹಾಕಿ ಹೋಗ್ತಾನೆ."

"ತಮಾಷೆ ಬೇಡ. ಪ್ಲಗ್ ಕಿತ್ರೂ ಪ್ರಾಣ ತೆಗೆಯೋ ಸಾಮಾನಿದು."

"ಗೊತ್ತು ಬಿಡಿ. ಒಂದು ಕೈ ಜೇಬಲ್ಲೇ ಇರ್ಬೇಕು."

ಅದು ಕಸುಬಿನವರ ಮಾತು. ಸುಲೋನ ಮುಖ ಬಿಸಿಯಾಯಿತು.

"ಯಾರು ಹೇಳ್ಕೊಟ್ಟಿದ್ದು? ಅವನಿಗೂ ಇದೇ ಬನ್ನಾ?"

ಹಿಲ್ಕಾಳಿಗೆ ನಗು ತಡೆಯಲಾಗಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡಳು.

"ನೀವೇ ಹೇಳ್ಕೊಟ್ಟಿದ್ದು. ಒಂದು ವರ್ಷದಿಂದ ಪಕ್ಕದಲ್ಲೇ ನಿಂತು ನೋಡ್ತಿದೀನಲ್ಲ. ಇವತ್ತು ನೀವು ಬೇಗ ಬಂದ್ರಿ, ಕರೆಂಟು ಇಳಿಸೋಕೆ ನಂಗೆ ಟೈಮ್ ಸಿಗ್ಲಿಲ್ಲ, ಅಷ್ಟೆ."

"ನೀವು ಇಳಿಸೋದಾ? ಯಾಕೆ?"

"ಪ್ರತಿ ಸಲ ಹೊರಡೋ ಮುಂಚೆ ನೀವು ಒಂದು ವಾಲ್ವ್ ಸಡಿಲ ಮಾಡಿ ಹೋಗ್ತೀರಲ್ಲ, ಅದನ್ನ ಅವತ್ತೇ ಸಂಜೆ ಒತ್ತಿ ಕೂರಿಸಿ ಟೀವಿ ನೋಡ್ತೀನಿ, ನೀವು ಬರೋ ದಿನ ಮತ್ತೆ ಸಡಿಲ ಮಾಡಿಡ್ತೀನಿ."