ನೀರಿನ ಗೆರೆ, ಮುಳ್ಳಿನ ಗೆರೆ

"ಈ ಗೆರಿ ಸುಳ್ಳದ ನೋಡ್ರಿ ಮೇಡಂ," ಎಂದು ರೇವಣಸಿದ್ದ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟ.

ತನ್ವಿ ತಲೆ ಎತ್ತಿದಳು. ಡೊಂಬಿವಲಿಯ ತನ್ನ ಮನೆಯ ಊಟದ ಮೇಜಿನಲ್ಲಿ ಅವಳು ಅವನಿಗೆ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರ್ ಹೇಳಿಕೊಡುತ್ತಿದ್ದ ನಾಲ್ಕನೆಯ ಭಾನುವಾರ ಇದು. ನಲವತ್ತರ ಹತ್ತಿರದ ರೇವಣಸಿದ್ದನಿಗೆ ಶಹಾಡಿನ ಒಂದು ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿ ನೋಡಿಕೊಳ್ಳುವ ಕೆಲಸ. ಸಂಜೆ ಎಂಜಿನಿಯರಿಂಗ್ ಕಾಲೇಜು. ಈ ಪ್ರಾಕ್ಟಿಕಲ್ ಒಂದರಲ್ಲೇ ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಹೋದರೆ ಮುಂದಿನ ವರ್ಷಕ್ಕೆ ಪ್ರವೇಶವಿಲ್ಲ. ಕಾರ್ಖಾನೆಯ ಎದುರಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಈ ಸಂಕಟ ಹೇಳಿಕೊಂಡಾಗ, ಕ್ಯಾಂಟೀನಿನ ದೇಜಪ್ಪ, "ನಮ್ಮ ಹುಡುಗಿ ಅದನ್ನೇ ಓದುವುದು ಮಾರಾಯ್ರೆ, ಆದಿತ್ಯವಾರ ಮನೆಗೆ ಬನ್ನಿ," ಎಂದಿದ್ದರು.

"ಝೂಠ್ ಕೈಸೆ ಅಂಕಲ್?" ಎಂದಳು ತನ್ವಿ. ಆತುರವಾದಾಗ ಅವಳ ಬಾಯಿಗೆ ಹಿಂದಿಯೇ ಬರುವುದು. "ಮ್ಯಾನ್ಯುಅಲ್‌ನಲ್ಲಿ ಹೀಗೇ ಉಂಟಲ್ಲ. ತೊಟ್ಟಿಯ ನೀರು ಎಂಬತ್ತು ಡಿಗ್ರಿ ಆಯ್ತು, ಸ್ಟೀಮ್ ಬಂದ್, ಲೈನ್ ಸೀದಾ."

"ನನ್ನ ತೊಟ್ಟ್ಯಾಗ ಹಂಗ ಆಗಂಗಿಲ್ರಿ. ಎಂಬತ್ತಕ್ಕ ವಾಲ್ವ್ ಬಂದ್ ಮಾಡಿದ್ರ ಡಯಲ್ ಮುಳ್ಳು ಎಂಬತ್ತಾರಕ್ಕ ಹೋಗಿ ನಿಲ್ತದ. ಬಟ್ಟಿ ಕೆಡ್ತದ. ಅದಕ್ಕ ನಾ ಎಪ್ಪತ್ನಾಲ್ಕಕ್ಕೇ ಬಂದ್ ಮಾಡ್ತೀನಿ. ಆಮ್ಯಾಲ ನೀರು ತಾನಾ ಎಂಬತ್ತಕ್ಕ ಏರ್ತದ."

ತನ್ವಿ ಮ್ಯಾನ್ಯುಅಲ್ ಮುಚ್ಚಿಟ್ಟಳು. ಮೂರು ವರ್ಷದಿಂದ ಇಂಥ ಗೆರೆಗಳನ್ನು ಎಳೆಯುತ್ತಿದ್ದರೂ ಅವಳು ಒಂದು ತೊಟ್ಟಿಯನ್ನೂ ಕಂಡವಳಲ್ಲ. ಒಮ್ಮೆಗೇ ಏರುತ್ತದೋ, ಮೆಲ್ಲಗೋ? ಎಷ್ಟು ಹೊತ್ತು ಬೇಕು? ಡಯಲ್ ಎಲ್ಲಿದೆ? ಅವಳು ಕೇಳುತ್ತ ಹೋದಳು. ಅರ್ಧಕ್ಕೆ ಅವನ ಬಳಿ ಉತ್ತರವಿತ್ತು. ಉಳಿದರ್ಧವನ್ನು ನೋಡಿಕೊಂಡು ಬರುತ್ತೇನೆಂದ.

ಮುಂದಿನ ಭಾನುವಾರ ಅವನು ಒಂದು ಹಾಳೆ ತಂದ. ಅರ್ಧರ್ಧ ನಿಮಿಷಕ್ಕೆ ಡಯಲ್ ನೋಡಿ ಬರೆದುಕೊಂಡ ಅಂಕಿಗಳು. ಒಂದೇ ಬೆರಳಿನಲ್ಲಿ ತಾನೇ ಟೈಪ್ ಮಾಡಿದ. ಸಾಲಿನ ಕೊನೆಗೆ ಸೆಮಿಕೋಲನ್ ಹಾಕಲು ಮರೆತದ್ದಕ್ಕೆ ಚೀಲ ಹರಿದ ಜೋಳದಂತೆ ಪರದೆಯ ತುಂಬ ಅಂಕಿ ಸುರಿಯಿತು. ಮೊದಲ ವಾರ ಹೀಗಾದಾಗ ಕೈ ಹಿಂದಕ್ಕೆಳೆದುಕೊಂಡಿದ್ದವನು, ಈಗ ನಕ್ಕು ತಾನೇ ಸರಿಪಡಿಸಿದ. ಅಂಕಿಗಳಿಂದ ಒಂದು ಕೆಂಪು ಗೆರೆ ಎದ್ದಿತು. ತನ್ವಿ ಏನೋ ಲೆಕ್ಕ ಹಾಕಿ ಅದರ ಪಕ್ಕ ಒಂದು ನೀಲಿ ಗೆರೆ ಬರಿಸಿದಳು. ಅದು ಕೆಂಪಿಗಿಂತ ಮುಂಚೆಯೇ ಎಂಬತ್ತು ಮುಟ್ಟಿ ನಿಂತಿತ್ತು.

"ಅಂಕಲ್, ಹೀಗೂ ಇರಬಹುದು. ಕೆಂಪು ನಿಮ್ಮ ಡಯಲಿನ ಮುಳ್ಳು. ನೀಲಿ ನೀರು. ನೀವು ವಾಲ್ವ್ ಮುಚ್ಚಿದಾಗಲೇ ನೀರು ಎಂಬತ್ತಾಗಿದೆ, ಮುಳ್ಳು ಮಾತ್ರ ತಡವಾಗಿ ಬಂದಿದೆ."

"ಅಂದ್ರ ನೀರು ತಡಾನೋ, ಮುಳ್ಳು ತಡಾನೋ? ಇದು ಹೇಳ್ತದಲ್ರಿ?" ಅವನು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ.

"ಇದಕ್ಕೆ ಗೊತ್ತಿಲ್ಲ. ಎರಡೂ ಆಗಬಹುದು ಅಂತ ಮಾತ್ರ ಹೇಳ್ತದೆ. ನೀರಿಗೇ ಥರ್ಮಾಮೀಟರ್ ಹಾಕಿ ನೋಡಬೇಕು."

ಬುಧವಾರ ಮಧ್ಯಾಹ್ನ ತನ್ವಿ ಕಾಲೇಜಿನಲ್ಲಿದ್ದಾಗ ಫೋನ್ ಬಂತು. "ಮೇಡಂ, ಲ್ಯಾಬಿನವರ ಕಡಿಂದ ಗಾಜಿನ ಥರ್ಮಾಮೀಟರ್ ಇಸ್ಕೊಂಡು ನೀರಾಗ ಬಿಟ್ಟಿದ್ದೆ. ಡಯಲ್‌ನ್ಯಾಗ ಎಪ್ಪತ್ನಾಲ್ಕು, ನೀರಾಗ ಎಂಬತ್ತು. ಮೂರು ಸಲ ನೋಡ್ದೆ. ಮುಳ್ಳೇ ತಡಾ ಅದರೀ."

"ಅಂಕಲ್!" ತನ್ವಿ ಮೆಟ್ಟಿಲ ಮೇಲೆ ಕುಣಿದೇಬಿಟ್ಟಳು. "ಪರೀಕ್ಷೆಯಲ್ಲಿ ಎರಡೂ ಗೆರೆ ತೋರಿಸಿ. ಯಾರೂ ಇಂಥದ್ದು ತಂದಿರುವುದಿಲ್ಲ!"

ಆ ಕಡೆಯ ಯಂತ್ರದ ಸದ್ದಿನ ನಡುವೆ ರೇವಣಸಿದ್ದ ಬೇರೆಯದೇ ಮಾತು ತೆಗೆದ. "ಈ ತೊಟ್ಟಿ ಮೊದಲ ಯಂಕಪ್ಪಂದಿತ್ರಿ. ನಾ ಅವನ ಕೈ ಕೆಳಗಿದ್ದೆ. ಹೊಸಾ ಡಯಲ್ ಕೂಡಿಸಿದ ವಾರದಾಗ ಒಂದು ಪಾಳಿ ಬಟ್ಟಿ ಪೂರಾ ಕೆಡ್ತು. 'ಎಂಬತ್ತಕ್ಕೇ ಬಂದ್ ಮಾಡೀನಿ, ಈ ಮುಳ್ಳು ಹಿಂದ ಬೀಳ್ತದ,' ಅಂತ ಅವ ಬಡ್ಕೊಂಡ. ಸಾಹೇಬರು ನನ್ನ ಕೇಳಿದ್ರು. ನಾ, 'ಮುಳ್ಳು ಬರೋಬರಿ ಅದರಿ,' ಅಂದೆ."

"ಆಮೇಲೆ?"

"ಅವನ್ನ ಕೆಲಸದಿಂದ ತೆಗದ್ರು. ತೊಟ್ಟಿ ನನಗ ಬಂತು."

ತನ್ವಿ ತಾನು ಕುಣಿದ ಮೆಟ್ಟಿಲ ಮೇಲೆಯೇ ಕುಳಿತಳು.

ಶನಿವಾರ ಪರೀಕ್ಷೆ. ಎರಡು ಗೆರೆ ಯಾಕೆಂದು ಕೇಳಿದ ಪರೀಕ್ಷಕರಿಗೆ ರೇವಣಸಿದ್ದ ತಡವರಿಸದೆ ವಿವರಿಸಿದ. ಅವರು ತಮ್ಮ ಪುಸ್ತಕದಲ್ಲೂ ಆ ಚಿತ್ರವನ್ನು ಬರೆದುಕೊಂಡರು. ಹತ್ತು ದಿನಕ್ಕೆ ಫಲಿತಾಂಶ ಬಂತು: ಪಾಸು.

ಪೇಡೆಯ ಪೊಟ್ಟಣ ಹಿಡಿದು ಬಂದವನು ಒಳಗೆ ಕೂರಲಿಲ್ಲ. "ಆ ಎರಡು ಗೆರಿದು ಒಂದು ಪ್ರಿಂಟ್ ಬೇಕ್ರಿ ಮೇಡಂ. ದೊಡ್ಡದು."

"ಫ್ರೇಮ್ ಹಾಕಿಸ್ತೀರಾ?" ತನ್ವಿ ನಗುತ್ತ ಪ್ರಿಂಟರಿಗೆ ಹಾಳೆ ಇಟ್ಟಳು.

"ಇಲ್ರಿ. ಯಂಕಪ್ಪ ಈಗ ಟಿಟ್ವಾಳಾದಾಗ ಗಾರೆ ಕೆಲಸ ಮಾಡ್ತಾನಂತ. ಪತ್ತೆ ಹಚ್ಚೀನಿ. ಇದನ್ನ ಅವನ ಕೈಯಾಗ ಕೊಡಬೇಕು. ಅವ ಹೊಡದ್ರೂ ಹೊಡೀಲಿ."

"ಅವರಿಗೆ ಗ್ರಾಫ್ ಅರ್ಥ ಆಗ್ತದಾ ಅಂಕಲ್?"

ಬಿಸಿ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತ ರೇವಣಸಿದ್ದ ಹೇಳಿದ: "ಅವಗ ಗ್ರಾಫ್ ಇಲ್ದನೇ ಅರ್ಥ ಆಗಿತ್ರಿ."