ಮುಚ್ಚಲೊಲ್ಲದ ಡ್ಯೂಟಿ ಫ್ರೀ ಅಂಗಡಿ

ಭೂಮಿಯೂ ಚಂದ್ರನೂ ಒಂದೇ ಮಾರುಕಟ್ಟೆಯಾಗಿ ನಡುವೆ ಸುಂಕವೇ ಇಲ್ಲದಂತಾದ ಮೇಲೆ, ನಡುದಾರಿಯ ನಿಲ್ದಾಣದಲ್ಲಿದ್ದ ಡ್ಯೂಟಿ ಫ್ರೀ ಅಂಗಡಿಯನ್ನು ಮುಚ್ಚಬೇಕಿತ್ತು. ಜನರ ಕೆಲಸ ಹೋಗುತ್ತದೆಂದು ಸರ್ಕಾರ ಗಡುವನ್ನು ಮುಂದೂಡಿಸುತ್ತಲೇ ಬಂತು. ಅಲ್ಲಿ ಉಳಿದಿದ್ದವಳು ಉಳ್ಳಾಲದ ಲವೀನಾ ಒಬ್ಬಳೇ. ಮುಚ್ಚಲಿರುವ ಅಂಗಡಿಗೆ ಹೊಸಬರನ್ನು ನೇಮಿಸುವಂತಿರಲಿಲ್ಲ. ಹೊಸಬರು ಬಾರದೆ ಅವಳನ್ನು ಬಿಡುವಂತೆಯೂ ಇರಲಿಲ್ಲ. ತೂಕವೇ ಇಲ್ಲದ ಆ ಜಾಗದಲ್ಲಿ ಅವಳ ಮೂಳೆಗಳು ಸವೆಯುತ್ತಿದ್ದವು. ಇನ್ನೂ ತಡಮಾಡಿದರೆ ಭೂಮಿಯ ಮೇಲೆ ಎದ್ದು ನಿಲ್ಲುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಈ ಸಲವಾದರೂ ಮುಚ್ಚುತ್ತದೆಂದು ನಂಬಿ ಅವಳು ಸೆಂಟಿನ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಮಂತ್ರಿಗಳು ನಗುತ್ತಾ ಒಳಬಂದರು.

“ಮತ್ತೊಂದು ವರ್ಷ ಸಿಕ್ಕಿತಮ್ಮ! ನಿಮ್ಮ ಕೆಲಸ ಉಳಿಸಿದ್ದೀವಿ.”

“ಯಾರು ಕೇಳಿದ್ದು ಸರ್? ಊರಿಗೆ ಕಳಿಸಿ ಅಂತ ಅಲ್ವಾ ನಾನು ಪ್ರತಿ ಸಲ ಹೇಳಿದ್ದು?”

“ನಿಮಗೋಸ್ಕರ ಇಷ್ಟು ಹೋರಾಡಿದ್ದೀವಿ, ನೀವೇ ಹೀಗಂದ್ರೆ ಹೇಗೆ? ಫೋಟೋದವರು ಕಾಯ್ತಿದ್ದಾರೆ, ಸ್ವಲ್ಪ ನಗಿ.”

ಲವೀನಾಳಿಗೆ ಅಳು ಬಂತು. ಕಣ್ಣೀರು ಕೆನ್ನೆಗಿಳಿಯದೆ ಕಣ್ಣಲ್ಲೇ ಗುಂಡಗೆ ನಿಂತಿತು. ಅಂಗಡಿಯ ಬೀಗದ ಕೈಯನ್ನು ಅವಳು ಮಂತ್ರಿಗಳ ಅಂಗೈಗೆ ತುರುಕಿದಳು.

“ಇನ್ನು ನೀವೇ ನೋಡಿಕೊಳ್ಳಿ ಮಾರಾಯ್ರೆ. ನನ್ನಿಂದ ಆಗುದಿಲ್ಲ.”

ಅವರು ಕೂಗುತ್ತಿದ್ದರೂ ತಿರುಗಿ ನೋಡದೆ, ಭೂಮಿಗೆ ಹೊರಟಿದ್ದ ನೌಕೆಯೊಳಗೆ ಹೋಗಿ ಕುಳಿತಳು. ನೌಕೆಯ ಚಾಲಕ ಹತ್ತಿರ ಬಂದ.

“ಬಿಡುಗಡೆ ಆಯ್ತಾ ಅಕ್ಕ?”

“ಆಗ್ಲಿಲ್ಲ.”

ಅವನು ಅವಳ ಕಡ್ಡಿಯಂಥ ಕೈಗಳನ್ನು ನೋಡಿದ. ಬಗ್ಗಿ, ಅವಳಿಗೆ ನೋವಾಗದಂತೆ ಬೆಲ್ಟು ಕಟ್ಟಿದ.