ಜೆಕ್ ದೇಶದ ಕೆರೆ

ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದಾಗ ಬರುವ ಘಾಟಿಗೆ ಈಗಲೂ ನನಗೆ ಭೂಗೋಳದ ಕ್ಲಾಸು ನೆನಪಾಗುತ್ತದೆ.

ಬ್ಯಾಟರಾಯನಪುರದ ನಮ್ಮ ಶಾಲೆಯಲ್ಲಿ ಭೂಗೋಳದ ಮಿಸ್ ಒಬ್ಬೊಬ್ಬರಿಗೂ ಒಂದೊಂದು ಪರದೇಶದ ಊರು ಹಂಚಿದ್ದರು. ನಕ್ಷೆ ಬರೆದು ಅದರ ಚರಿತ್ರೆ ಹೇಳಬೇಕು. ನನಗೆ ಬಂದದ್ದು ಜೆಕ್ ದೇಶದ ಒಂದು ಪುಟ್ಟ ಹಳ್ಳಿ. ನಾನೋ, ಇಡೀ ವಾರ ಮಿಸ್ಸಿನ ದನಿ ಅಣಕಿಸುವುದರಲ್ಲೇ ಕಳೆದಿದ್ದೆ. ಊಟದ ಬಿಡುವಿನಲ್ಲಿ ಚಾರ್ಟಿನ ಮೇಲೆ ನಾಲ್ಕು ಗೀಟು ಎಳೆದು, ನಡುವೆ ಒಂದಿಷ್ಟು ನೀಲಿ ಬಳಿದೆ.

"ಇನ್ನೊಂದ್ ದೂರು ಬಂದ್ರೆ ಹಾಸ್ಟೆಲ್‌ಗೆ ಹಾಕ್ತೀನಿ," ಎಂದು ಅಪ್ಪ ಬೆಳಿಗ್ಗೆಯಷ್ಟೇ ಹೇಳಿದ್ದರು.

"ಶುರು ಮಾಡಪ್ಪ, ಮಿಮಿಕ್ರಿ ರಾಜ. ಇವತ್ತು ಬಾಯ್ ಬಿಡ್ಲಿಲ್ಲ ಅಂದ್ರೆ ನಿಮ್ಮಪ್ಪಂಗೆ ಫೋನು," ಎಂದರು ಮಿಸ್, ನನ್ನ ಸರದಿ ಬಂದಾಗ.

ನನಗೆ ಚರಿತ್ರೆ ಗೊತ್ತಿದ್ದದ್ದು ಒಂದೇ ಊರಿನದು, ತಾತ ದಿನಾ ಹೇಳುತ್ತಿದ್ದ ನಮ್ಮ ಬ್ಯಾಟರಾಯನಪುರದ್ದು. ಅದನ್ನೇ ಜೆಕ್ ದೇಶಕ್ಕೆ ಸಾಗಿಸಿದೆ. ಭತ್ತವನ್ನು ಗೋಧಿ ಮಾಡುವಷ್ಟು ಬುದ್ಧಿ ಇತ್ತು. ದನಿ ಮಾತ್ರ ತಾತನದೇ ಬಂದುಬಿಟ್ಟಿತು.

"ಇಲ್ಲಿ ಕೆರೆ ಇತ್ತು. ಕೆಳಗೆ ಗೋಧಿ ಗದ್ದೆ. ಆಮ್ಯಾಕೆ ಲಾರೀಲಿ ಮಣ್ಣು ತಂದು ಉಯ್ದ್ರು. ಸೈಟ್ ಮಾಡುದ್ರು."

ಹುಡುಗರು ನಕ್ಕರು. ಮಿಸ್ ನಗಲಿಲ್ಲ. ಎದ್ದು ಚಾರ್ಟಿನ ಹತ್ತಿರ ಬಂದರು.

"ಗದ್ದೆಗೆ ನೀರು ಬಿಡೋ ತೂಬು ಎಲ್ಲಿತ್ತು?"

ಸಿಕ್ಕಿಬಿದ್ದೆ ಅಂದುಕೊಂಡು ಅಂದಾಜಿನ ಮೇಲೆ ಬೆರಳಿಟ್ಟೆ. ಅವರು ಚಾರ್ಟಿನ ಮೇಲೆ ಬಗ್ಗಿದರು. ಆಮೇಲೆ ನನ್ನ ಬೆರಳು ಹಿಡಿದು ನೀಲಿಯ ಇನ್ನೊಂದು ಅಂಚಿಗೆ ಮೆಲ್ಲಗೆ ಸರಿಸಿದರು.

"ಅಲ್ಲ ಕಣೋ, ಇಲ್ಲಿ. ನಮ್ಮನೆ ಹಿತ್ಲಿಂದ ಕಾಣೋದು. ಹೂಂ, ಮುಂದೆ ಹೇಳು."